ಕೇಳಿಸಿಕೊಳ್ಳುವ ಹುದ್ದೆ ಹುಟ್ಟಿದ ಬಗೆ

ಈ ಸಲದ ರಾಮನವಮಿಯ ಸಂಗೀತ ಕಾರ್ಯಕ್ರಮ ಮುಗಿದು ಪಾನಕ ಕೋಸಂಬರಿಯ ಸರದಿಯಲ್ಲಿ ನಿಂತಿದ್ದಾಗ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದಾಳೆ. ಬ್ಯಾಂಕಿನ ಪರೀಕ್ಷೆಗೆ ಕೂರು ಎಂದರೆ ಒಲ್ಲೆ ಎನ್ನುತ್ತಾಳೆ. ಕುಡಿತ ಮತ್ತು ಮಾದಕವಸ್ತುಗಳ ಚಟಕ್ಕೆ ಬಿದ್ದವರಿಗೂ ಮನಸ್ಸಿನ ಕಾಯಿಲೆಯವರಿಗೂ ಆಪ್ತಸಲಹೆ ನೀಡುವ ತರಬೇತಿ ಎಂಬುದೊಂದಿದೆಯಂತೆ. ಅದಕ್ಕಾಗಿ ಇನ್ನೂ ಎರಡು ವರ್ಷ ಓದುತ್ತಾಳಂತೆ.

"ನೀವು ಸೆಂಟ್ರಲ್ ಗೌರ್ಮೆಂಟಿನವರು. ಇಂಥದ್ದೊಂದು ಹುದ್ದೆ ನಿಜವಾಗಿ ಇದೆಯೇ ಇಲ್ಲವೇ, ಅಷ್ಟು ಹೇಳಿ ಸಾಕು" ಎಂದರು. ಆಮೇಲೆ ದನಿ ತಗ್ಗಿಸಿ, "ಹುಚ್ಚರ ಜೊತೆ, ಕುಡುಕರ ಜೊತೆ ಹೆಣ್ಣುಮಗಳಿಗೆ ಏನು ಕೆಲಸ ಸ್ವಾಮಿ? ನಾಳೆ ಗಂಡಿನ ಕಡೆಯವರು ಕೇಳಿದರೆ ಏನು ಹೇಳೋಣ?" ಎಂದೂ ಸೇರಿಸಿದರು.

ಹುದ್ದೆಯೊಂದು ಇದೆಯೇ ಎಂದು ತಿಳಿಯಬೇಕಾದರೆ ಅದು ಯಾವಾಗ, ಯಾವ ಆದೇಶದಿಂದ ಸೃಷ್ಟಿಯಾಯಿತು ಎಂದು ಹುಡುಕುವುದು ನಮ್ಮ ಗುಮಾಸ್ತಗಿರಿಯ ಅಭ್ಯಾಸ. ಹಾಗೆ ಹುಡುಕುತ್ತ ಹೋದವರಿಗೆ ಒಂದು ಆಶ್ಚರ್ಯ ಕಾದಿತ್ತು. ನಮ್ಮ ದೇಶದಲ್ಲಿ ಈ ವಿದ್ಯೆಯ ಬೇರುಗಳು ಎರಡು ಊರುಗಳಲ್ಲಿವೆ. ಒಂದು ನಾವು ಬಿಟ್ಟು ಬಂದ ನಾಡಿನ ರಾಜಧಾನಿ ಬೆಂಗಳೂರು; ಇನ್ನೊಂದು ನಾವು ಬಂದು ಸೇರಿದ ಈ ಮುಂಬಯಿ.

ಮೊದಲು ಬೆಂಗಳೂರಿನ ಕಥೆ. ಅಲ್ಲಿ ಹುಚ್ಚಾಸ್ಪತ್ರೆ ಆರಂಭವಾದದ್ದು 1847ರ ಸುಮಾರಿಗೆ, ಕಂಪನಿ ಸರ್ಕಾರದ ಕಮಿಷನರುಗಳ ಆಳ್ವಿಕೆಯಲ್ಲಿ. ಆ ಕಾಲದ ಇಂಥ ಸಂಸ್ಥೆಗಳ ಕೆಲಸವೇನಿದ್ದರೂ ಕೂಡಿಹಾಕುವುದು. ಎತ್ತರದ ಗೋಡೆ, ಒಬ್ಬ ಸರ್ಜನ್, ಒಂದಷ್ಟು ವಾರ್ಡರುಗಳು. ರೋಗಿಯ ಮಾತಿಗೆ ಕಿವಿಗೊಡುವುದು ಯಾರ ಕರ್ತವ್ಯಪಟ್ಟಿಯಲ್ಲಿಯೂ ಇರಲಿಲ್ಲ. 1925ರಲ್ಲಿ ಮೈಸೂರು ಸರ್ಕಾರವು ಇದಕ್ಕೆ 'ಮೆಂಟಲ್ ಹಾಸ್ಪಿಟಲ್' ಎಂದು ಹೆಸರು ಬದಲಿಸಿತು. ಹೆಸರು ಬದಲಾಯಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲವೆಂದು ಸರ್ಕಾರಿ ನೌಕರರಾದ ನಮಗೆ ಚೆನ್ನಾಗಿ ಗೊತ್ತು. ಆದರೆ ಇಲ್ಲಿ ಸ್ವಲ್ಪ ಆಯಿತು. 1930ರ ದಶಕದಲ್ಲಿ ಆಸ್ಪತ್ರೆ ಪೇಟೆಯ ಗದ್ದಲ ಬಿಟ್ಟು ಹೊಸೂರು ರಸ್ತೆಯ ಬದಿಯ ವಿಶಾಲವಾದ ಜಾಗಕ್ಕೆ ಬಂದಿತು. ಲಂಡನ್ನಿನಲ್ಲೂ ಅಮೆರಿಕದಲ್ಲೂ ತರಬೇತಿ ಪಡೆದು ಬಂದಿದ್ದ ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೇಲ್ವಿಚಾರಕರಾದರು.

ಇತ್ತ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗ ತೆರೆದಿತ್ತು. ಅದನ್ನು ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಇವರ ಹೆಸರನ್ನು ನಮ್ಮ ಓದುಗರು ಬೇರೊಂದು ಕಾರಣಕ್ಕೆ ಕೇಳಿರುತ್ತೀರಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ತಂದವರು ಇವರೇ. ಊರಿಗೆಲ್ಲ ಮಾತು ಕೇಳಿಸಿದವರು ಮನಶ್ಶಾಸ್ತ್ರದ ಮೇಷ್ಟ್ರಾಗಿದ್ದರು ಎಂಬುದು ನಮಗೆ ಯಾಕೋ ಬಹಳ ಹಿಡಿಸಿತು.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿ ದೇಶದ ಆರೋಗ್ಯದ ಬಗ್ಗೆ ದೊಡ್ಡ ವರದಿ ಒಪ್ಪಿಸಿತು. ಸುಮಾರು ನಲವತ್ತು ಕೋಟಿ ಜನಕ್ಕೆ ಮನೋರೋಗಿಗಳ ಹಾಸಿಗೆಗಳು ಹತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು ಮಾತ್ರ ಎಂದು ಅದು ತೋರಿಸಿತು. ಹಾಸಿಗೆಯನ್ನೇನೋ ಬಡಗಿ ಮಾಡಿಕೊಡುತ್ತಾನೆ. ಅದರ ಪಕ್ಕದಲ್ಲಿ ನಿಲ್ಲುವ ತರಬೇತಾದ ಮನುಷ್ಯನನ್ನು ಎಲ್ಲಿಂದ ತರುವುದು? ಇದಕ್ಕೆ ಉತ್ತರವಾಗಿ 1954ರ ಆಗಸ್ಟ್ 6ರಂದು ಬೆಂಗಳೂರಿನ ಅದೇ ಆಸ್ಪತ್ರೆಯ ಆವರಣದಲ್ಲಿ ಭಾರತ ಸರ್ಕಾರದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಉದ್ಘಾಟನೆಯಾಯಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ಮರುವರ್ಷ, ಅಂದರೆ 1955ರಲ್ಲಿ, ತರಗತಿಗಳು ಶುರುವಾದವು. ಡಾಕ್ಟರುಗಳಿಗೆ ಒಂದು ಡಿಪ್ಲೊಮಾ. ಅದರ ಜೊತೆಯಲ್ಲಿಯೇ ಡಾಕ್ಟರಲ್ಲದವರಿಗೆ, ಮನಶ್ಶಾಸ್ತ್ರ ಓದಿದವರಿಗೆ, ಇನ್ನೊಂದು ಡಿಪ್ಲೊಮಾ.

ನಮ್ಮ ದೃಷ್ಟಿಯಲ್ಲಿ ಈ ಎರಡನೆಯದೇ ಮುಖ್ಯ. ಸ್ಟೆತಾಸ್ಕೋಪು ಇಲ್ಲದ, ಚೀಟಿ ಬರೆಯುವ ಅಧಿಕಾರವಿಲ್ಲದ ಒಬ್ಬ ಪದವೀಧರನು ರೋಗಿಯ ಎದುರು ಕುಳಿತು ಮಾತನಾಡುವುದನ್ನೇ ವಿದ್ಯೆಯಾಗಿ ಕಲಿಯಬಹುದು, ಅದಕ್ಕೆ ಪರೀಕ್ಷೆ ಕಟ್ಟಬಹುದು, ಪಾಸಾದರೆ ಸರ್ಕಾರ ಕಾಗದ ಕೊಡುತ್ತದೆ ಎಂಬುದು ಈ ದೇಶದಲ್ಲಿ ಮೊದಲು ನಿಶ್ಚಯವಾದದ್ದು ಅಲ್ಲಿ. ಆ ವಿಭಾಗದಲ್ಲಿ ಪಾಠ ಹೇಳಿ ಅದರ ಮುಖ್ಯಸ್ಥರೂ ಆಗಿದ್ದವರು ಸಾಲಿಗ್ರಾಮದ ಎಸ್.ಕೆ. ರಾಮಚಂದ್ರರಾಯರು. ಆಗಮ, ಶಿಲ್ಪ, ಬೌದ್ಧದರ್ಶನಗಳ ಬಗ್ಗೆ ಅವರು ಬರೆದದ್ದನ್ನು ಓದಿದವರು ನಮ್ಮಲ್ಲಿ ಅನೇಕರಿದ್ದೀರಿ. ಆ ರಾಯರು ಹೊಟ್ಟೆಪಾಡಿಗೆ ಮನೋರೋಗಿಗಳ ಆಸ್ಪತ್ರೆಯಲ್ಲಿ ಮೇಷ್ಟ್ರಾಗಿದ್ದರೆಂಬುದು ಈ ಲೇಖನಕ್ಕೆ ಕೂರುವ ತನಕ ನಮಗೂ ಗೊತ್ತಿರಲಿಲ್ಲ.

ದೇಶದ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳು ಬಂದರು. ರೋಗಿಗಳು ಮಾತ್ರ ಕನ್ನಡ, ತಮಿಳು, ತೆಲುಗು, ದಖನಿ ಉರ್ದು ಆಡುವವರು. ರೋಗಿಯ ಪೂರ್ವವೃತ್ತಾಂತವನ್ನು ಅವನ ಬಾಯಿಂದಲೇ ಕೇಳಿ ಬರೆಯಬೇಕಾದ್ದು ಈ ವಿದ್ಯೆಯ ಮೊದಲ ಪಾಠ. ಉತ್ತರದಿಂದ ಬಂದ ವಿದ್ಯಾರ್ಥಿ "ನಿದ್ದೆ ಬರುತ್ತದೆಯೇ? ಊಟ ಸೇರುತ್ತದೆಯೇ?" ಎನ್ನುವಷ್ಟು ಕನ್ನಡವನ್ನಾದರೂ ಕಲಿಯದೆ ಇದು ಸಾಗುವುದೆಂತು? ನಾವು ಇಲ್ಲಿ ಹೊಟ್ಟೆಪಾಡಿಗೆ ಮರಾಠಿ ಕಲಿತ ಹಾಗೆ.

1974ರ ಡಿಸೆಂಬರ್ 27ರಂದು ಈ ಸಂಸ್ಥೆಯೂ ರಾಜ್ಯದ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಆ ದಶಕ ಮುಗಿಯುವ ಹೊತ್ತಿಗೆ ಮನಶ್ಶಾಸ್ತ್ರಜ್ಞರ ಡಿಪ್ಲೊಮಾ ಎಂ.ಫಿಲ್. ಪದವಿಯಾಗಿ ಮೇಲೇರಿತು. 1994ರಲ್ಲಿ ಸಂಸ್ಥೆ ವಿಶ್ವವಿದ್ಯಾನಿಲಯಕ್ಕೆ ಸಮಾನವೆಂದು ಪರಿಗಣಿತವಾಯಿತು.

ಇನ್ನು ಮುಂಬಯಿ. ನಾಗಪಾಡಾದ ಹೆಸರು ಹೇಳಿದರೆ ನಮ್ಮವರು ಇಂದಿಗೂ ಮೂಗು ಮುರಿಯುತ್ತಾರೆ. ಆದರೆ 1936ರಲ್ಲಿ ಸಮಾಜಸೇವೆಯನ್ನು ಸ್ನಾತಕೋತ್ತರ ವಿದ್ಯೆಯನ್ನಾಗಿ ಕಲಿಸುವ ದೇಶದ ಮೊದಲ ಶಾಲೆ ಹುಟ್ಟಿದ್ದು ಅಲ್ಲಿಯೇ. ಅಲ್ಲಿ ಬಡವರ ನಡುವೆ ನೆರೆಹೊರೆಯ ಕೇಂದ್ರವೊಂದನ್ನು ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಪಾದ್ರಿ, ಟಾಟಾ ಟ್ರಸ್ಟಿನ ಹಣ ಇವೆರಡೂ ಕೂಡಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಆಯಿತು. ಹೆಸರಿನಲ್ಲಿರುವ 'ಗ್ರಾಜುಯೇಟ್' ಎಂಬ ಮಾತನ್ನು ಗಮನಿಸಬೇಕು. ದಾನ ಮಾಡುವುದಕ್ಕೆ ಕರುಣೆ ಸಾಕು. ಆದರೆ ಸಂಕಟದಲ್ಲಿರುವವನ ಜೊತೆ ಕೆಲಸ ಮಾಡುವುದಕ್ಕೆ ಪದವಿಯಾದ ಮೇಲೆಯೂ ಓದಬೇಕು ಎಂಬ ನಿಲುವು ಆ ಮಾತಿನಲ್ಲಿದೆ. ಮರುವರ್ಷವೇ ಶಾಲೆಯು ಮಕ್ಕಳ ಮಾರ್ಗದರ್ಶನಕ್ಕೆ ಒಂದು ಕ್ಲಿನಿಕ್ ತೆರೆಯಿತು. 1946ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. 1948ರಲ್ಲಿ ಗೌರಿರಾಣಿ ಬ್ಯಾನರ್ಜಿಯವರ ನೇತೃತ್ವದಲ್ಲಿ ವೈದ್ಯಕೀಯ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯವೆಂಬ ವಿಶೇಷ ವಿಷಯ ಪಠ್ಯಕ್ರಮಕ್ಕೆ ಸೇರಿತು. ಈ ಶಾಲೆಯೇ ಇಂದು ದೇವನಾರಿನಲ್ಲಿರುವ ಟಾಟಾ ಸಮಾಜವಿಜ್ಞಾನ ಸಂಸ್ಥೆ.

ಅಲ್ಲಿ ಕಲಿಸುವ ಕ್ರಮ ನಮ್ಮ ಬಿ.ಎಸ್ಸಿ. ಪ್ರಯೋಗಶಾಲೆಯನ್ನೇ ನೆನಪಿಸುತ್ತದೆ. ವಾರದಲ್ಲಿ ಕೆಲವು ದಿನ ತರಗತಿ, ಉಳಿದ ದಿನ ಆಸ್ಪತ್ರೆ, ಚಾಳು, ಕೊಳೆಗೇರಿ. ಭೇಟಿಯಾಗಿ ಬಂದ ಮೇಲೆ ಅವರೇನು ಹೇಳಿದರು, ತಾನೇನು ಹೇಳಿದೆ, ಆಗ ತನಗೆ ಏನನ್ನಿಸಿತು ಎಂಬುದನ್ನು ನೆನಪಿನಿಂದ ಮಾತಿಗೆ ಮಾತು ಬರೆದು ಮೇಲ್ವಿಚಾರಕರಿಗೆ ಒಪ್ಪಿಸಬೇಕು. ಅವರು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. "ಇಲ್ಲಿ ಆಕೆ ಅಳುತ್ತಿದ್ದಳು, ನೀನು ಯಾಕೆ ವಿಷಯ ಬದಲಿಸಿದೆ?" ಇಂಥ ತಿದ್ದುಪಡಿಗಳು. ನಮ್ಮ ಟಿಪ್ಪಣಿಗಳನ್ನು ತಿದ್ದುವ ವಿಭಾಗಾಧಿಕಾರಿಗಳು ವ್ಯಾಕರಣಕ್ಕಿಂತ ಆಚೆ ಹೋದದ್ದನ್ನು ನಾವು ಕಂಡಿಲ್ಲ.

ಕನ್ನಡದಲ್ಲಿ ಇದಕ್ಕೆ 'ಆಪ್ತಸಲಹೆ' ಎಂಬ ಹೆಸರು ನಿಂತುಬಿಟ್ಟಿದೆ. 'ಆಪ್ತ' ಎಂಬುದು ಸೊಗಸಾಗಿದೆ. 'ಸಲಹೆ' ಎಂಬುದರ ಬಗ್ಗೆ ನಮಗೆ ತಕರಾರಿದೆ. ಈ ತರಬೇತಿಯಲ್ಲಿ ಮೊಟ್ಟಮೊದಲು ಬಿಡಿಸುವ ಚಟವೇ ಸಲಹೆ ಕೊಡುವ ಚಟ. 'ಆಪ್ತಸಮಾಲೋಚನೆ' ಎಂದು ಕೆಲವರು ಬರೆಯುತ್ತಾರೆ. ಅದೇ ಹೆಚ್ಚು ಸರಿಯೆಂದು ತೋರುತ್ತದೆ, ಬಾಯಿಗೆ ಮಾತ್ರ ಸ್ವಲ್ಪ ಭಾರ.

ಬೆಂಗಳೂರಿನಲ್ಲಿ ರೋಗಿಯ ಮನಸ್ಸನ್ನು ಅಳೆಯುವ ವಿದ್ಯೆ, ಮುಂಬಯಿಯಲ್ಲಿ ಅವನ ಮನೆಮಠ ನೋಡುವ ವಿದ್ಯೆ. ಇವೆರಡೂ ಕೂಡಿದ್ದು ಹೇಗೆಂಬುದಕ್ಕೆ ನಡುವೆ ಅಮೃತಸರದ ಒಂದು ಪ್ರಸಂಗವನ್ನು ಹೇಳಬೇಕು. 1950ರ ದಶಕದಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಎಂಬವರು ರೋಗಿಗಳ ಮನೆಯವರನ್ನೂ ಕರೆಸಿ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿ ಇರಿಸಿಕೊಂಡರು. ಮನೆಯವರು ಜೊತೆಯಲ್ಲಿದ್ದು ಕಾಯಿಲೆಯನ್ನು ಅರಿತರೆ ರೋಗಿ ಬೇಗ ಮನೆಗೆ ಮರಳುತ್ತಾನೆ, ಮನೆಯಲ್ಲಿ ನಿಲ್ಲುತ್ತಾನೆ ಎಂಬುದು ಕಂಡುಬಂದಿತು. ವಿಲಾಯಿತಿಯ ಪುಸ್ತಕಗಳಲ್ಲಿ ಇಲ್ಲದ ಪಾಠ ಇದು. ಮನೆಯವರ ಜೊತೆ ಮಾತನಾಡುವುದಕ್ಕೂ ಕಲಿತವರು ಬೇಕಾಯಿತು. 1968ರಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಡಿಪ್ಲೊಮಾ ಆರಂಭವಾಯಿತು. ಮುಂಬಯಿಯ ವಿದ್ಯೆ ಹೊಸೂರು ರಸ್ತೆಗೆ ಬಂದು ಸೇರಿದ್ದು ಹೀಗೆ.

ಇಷ್ಟಾದರೂ ಕುಡುಕನ ಸುದ್ದಿ ಎಲ್ಲಿಯೂ ಬರಲಿಲ್ಲವಲ್ಲ ಎಂದು ಓದುಗರು ಕೇಳಬಹುದು. ಬರಲಿಲ್ಲ, ನಿಜ. ಮನೋರೋಗಕ್ಕೆ ಗೋಡೆ ಇತ್ತು, ಕುಡಿತಕ್ಕೆ ಪೊಲೀಸರಿದ್ದರು. ಸಂವಿಧಾನದ 47ನೆಯ ವಿಧಿ ಪಾನನಿರೋಧವನ್ನು ರಾಜ್ಯದ ಕರ್ತವ್ಯವೆಂದಿತು. ಮುಂಬಯಿ ರಾಜ್ಯ 1949ರಲ್ಲಿ ಕಾಯಿದೆ ಮಾಡಿ ಮರುವರ್ಷದಿಂದ ಪೂರ್ತಿ ಬಂದ್ ಮಾಡಿತು. ಆರೋಗ್ಯದ ಕಾರಣ ತೋರಿಸಿ ಡಾಕ್ಟರ ಸರ್ಟಿಫಿಕೇಟಿನೊಡನೆ ಪರ್ಮಿಟ್ ಪಡೆದವರು ಮನೆಯಲ್ಲಿ ಕುಡಿದರು. ಪರ್ಮಿಟ್ ಸಿಗದವರು ಬಾಂದ್ರಾ, ಧಾರಾವಿಗಳ 'ಆಂಟಿ'ಯರ ಅಡ್ಡೆಗಳಲ್ಲಿ ಕುಡಿದರು. 1960ರ ದಶಕದಲ್ಲಿ ಕಾಯಿದೆ ಸಡಿಲಾಯಿತು. ಅಷ್ಟೂ ವರ್ಷ ಕುಡಿಯುವವನನ್ನು ಹಿಡಿಯಲು, ಬಿಡಲು, ದಂಡ ಹಾಕಲು ನೂರಾರು ಹುದ್ದೆಗಳಿದ್ದವು. ಅವನನ್ನು ಕೂರಿಸಿಕೊಂಡು "ಏನಪ್ಪಾ, ಯಾಕೆ?" ಎಂದು ಕೇಳುವ ಹುದ್ದೆ ಒಂದೂ ಇರಲಿಲ್ಲ. ಆ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದವರು ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟದವರು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಕೂಟ 1957ರ ಸುಮಾರಿಗೆ ಮುಂಬಯಿಗೆ ಬಂದಿತು.

ಹಾಗಾದರೆ ಆ ಹುದ್ದೆ ಮೊದಲು ಸೃಷ್ಟಿಯಾದದ್ದೆಲ್ಲಿ? ಇದನ್ನು ಹುಡುಕಿ ತೆಗೆದಾಗ ನಮಗಾದ ಸಂತೋಷವನ್ನು ಗುಮಾಸ್ತರು ಮಾತ್ರ ಬಲ್ಲರು. ಅಮೆರಿಕದ ಮಿನ್ನೆಸೋಟ ರಾಜ್ಯದ ಸಿವಿಲ್ ಸರ್ವಿಸ್ ಮಂಡಲಿ 1954ರಲ್ಲಿ 'ಮದ್ಯವ್ಯಸನದ ಸಲಹೆಗಾರ' ಎಂಬ ಹುದ್ದೆಯನ್ನು ಮಂಜೂರು ಮಾಡಿತು. ನಮ್ಮ ಬೆಂಗಳೂರಿನ ಸಂಸ್ಥೆ ಉದ್ಘಾಟನೆಯಾದ ವರ್ಷವೇ! ವಿಲ್‌ಮಾರ್ ಎಂಬ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ನೆಲ್ಸನ್ ಬ್ರಾಡ್ಲಿ ಮತ್ತು ಮನಶ್ಶಾಸ್ತ್ರಜ್ಞ ಡೇನಿಯಲ್ ಆಂಡರ್ಸನ್ ಎಂಬವರು ಕುಡಿತ ಬಿಟ್ಟವರನ್ನೇ ಸಂಬಳ ಕೊಟ್ಟು ನೇಮಿಸಿಕೊಳ್ಳಲು ಹೊರಟಾಗ ಈ ಹುದ್ದೆ ಬೇಕಾಯಿತು. ಅರ್ಹತೆ ಏನೆಂದರೆ, ಹೈಸ್ಕೂಲು ಪಾಸಾಗಿರಬೇಕು. ಕುಡಿತ ಬಿಟ್ಟು ಎರಡು ವರ್ಷ ಆಗಿರಬೇಕು. ನೇಮಕಾತಿ ನಿಯಮಗಳಲ್ಲಿ ಇಂಥ ಅರ್ಹತೆಯನ್ನು ನಾವು ಇನ್ನೆಲ್ಲಿಯೂ ಕಂಡಿಲ್ಲ.

ಅದೇ ರಾಜ್ಯದಲ್ಲಿ 1949ರಲ್ಲಿ ಒಂದು ತೋಟದ ಮನೆಯಲ್ಲಿ ಆರಂಭವಾಗಿದ್ದ ಹೇಜಲ್ಡನ್ ಎಂಬ ಕೇಂದ್ರ ಈ ಕ್ರಮವನ್ನು ಬೆಳೆಸಿತು. ಡಾಕ್ಟರು, ಮನಶ್ಶಾಸ್ತ್ರಜ್ಞರು, ಪಾದ್ರಿ, ಕುಡಿತ ಬಿಟ್ಟವನು, ಎಲ್ಲರೂ ಒಂದು ಮೇಜಿನ ಸುತ್ತ. ಆದರೆ ಅನುಭವವೊಂದೇ ಸಾಲದು ಎಂಬುದು ಕಾಲಕ್ರಮದಲ್ಲಿ ಅವರಿಗೂ ತಿಳಿಯಿತು. ಕುಡಿಯುವವರಲ್ಲಿ ಅನೇಕರಿಗೆ ಕುಡಿತದ ಕೆಳಗೆ ಖಿನ್ನತೆಯೋ ಭಯವೋ ಬೇರೊಂದು ಮನೋರೋಗವೋ ಇರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಎರಡೂ ಉಳಿಯುತ್ತವೆ. ಆದುದರಿಂದ ಎರಡನ್ನೂ ಒಟ್ಟಿಗೆ ಕಲಿತವರು ಬೇಕು. 1999ರಲ್ಲಿ ಹೇಜಲ್ಡನ್ ತನ್ನದೇ ಸ್ನಾತಕೋತ್ತರ ಶಾಲೆ ತೆರೆಯಿತು. ಹೈಸ್ಕೂಲು ಪಾಸಾದವನಿಂದ ಸ್ನಾತಕೋತ್ತರ ಪದವಿಯ ತನಕ, ನಲವತ್ತೈದು ವರ್ಷ.

ಆ ದೀಪದಿಂದ ಒಂದು ಕುಡಿ ಮದರಾಸಿಗೂ ಹತ್ತಿತು. ಟಿ.ಟಿ. ಕೃಷ್ಣಮಾಚಾರಿಯವರ ಕುಟುಂಬದ ಸೊಸೆ ಶಾಂತಿ ರಂಗನಾಥನ್. ಗಂಡ ಕುಡಿತದಿಂದಲೇ ಚಿಕ್ಕ ವಯಸ್ಸಿಗೆ ತೀರಿಕೊಂಡರು. ಆಕೆ ಅದನ್ನು ಮುಚ್ಚಿಡಲಿಲ್ಲ. ಹೇಜಲ್ಡನ್‌ನಲ್ಲಿ ತರಬೇತಿ ಪಡೆದು, 1980ರಲ್ಲಿ ಗಂಡನ ಹೆಸರಿನಲ್ಲಿಯೇ ಮದರಾಸಿನಲ್ಲಿ ಚಿಕಿತ್ಸಾ ಸಂಸ್ಥೆ ಆರಂಭಿಸಿದರು. ಅಲ್ಲಿ ರೋಗಿಯ ಹೆಂಡತಿಗೂ ಪ್ರತ್ಯೇಕ ಕಾರ್ಯಕ್ರಮವಿದೆ. ಸಲಹೆಗಾರರ ತರಬೇತಿಗೂ ಅದು ದೊಡ್ಡ ಕೇಂದ್ರವಾಯಿತು. 1992ರಲ್ಲಿ ಆಕೆಗೆ ಪದ್ಮಶ್ರೀ ಬಂದಿತು. ದೊಡ್ಡ ಮನೆತನದ ವಿಧವೆಯೊಬ್ಬಳು ತನ್ನ ಗಂಡ ಸತ್ತದ್ದು ಇದರಿಂದ ಎಂದು ಊರಿಗೆ ಹೇಳುವುದು ನಮ್ಮ ಸಮಾಜದಲ್ಲಿ ಎಷ್ಟು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಎಲ್ಲವೂ ಅವಸರದಲ್ಲಿ ನಡೆಯಿತು. 1980ರ ದಶಕದಲ್ಲಿ ಬ್ರೌನ್ ಶುಗರ್ ಎಂಬ ಪೆಡಂಭೂತ ಮುಂಬಯಿ, ದೆಹಲಿಗಳ ಗಲ್ಲಿಗಳಿಗೆ ನುಗ್ಗಿತು. 1985ರಲ್ಲಿ ಮಾದಕವಸ್ತುಗಳ ಕಠಿಣ ಕಾಯಿದೆ ಬಂದಿತು. ಅದೇ ಸುಮಾರಿಗೆ ಸಲಹಾ ಕೇಂದ್ರಗಳಿಗೂ ವ್ಯಸನಮುಕ್ತಿ ಕೇಂದ್ರಗಳಿಗೂ ಕೇಂದ್ರ ಸರ್ಕಾರದ ಅನುದಾನ ಆರಂಭವಾಯಿತು. ಪುಣೆಯ ಯೆರವಡಾ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡಾ. ಅನಿಲ್ ಅವಚಟ್ ಮತ್ತು ಡಾ. ಅನಿತಾ ಅವಚಟ್ ದಂಪತಿಗಳು ಪು.ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಮುಕ್ತಾಂಗಣ ತೆರೆದರು. ದೆಹಲಿಯ ಏಮ್ಸ್‌ನ ಕೇಂದ್ರ 1988ರದು. 1990ರ ದಶಕದ ಆರಂಭದಲ್ಲಿ ನಿಮ್ಹಾನ್ಸ್‌ನಲ್ಲಿಯೂ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗವಾಯಿತು. ಅಲ್ಲಿ ವ್ಯಸನ ಚಿಕಿತ್ಸೆಯಲ್ಲಿಯೇ ಹೆಸರಾದ ಡಾ. ಪ್ರತಿಮಾ ಮೂರ್ತಿಯವರು 2021ರಲ್ಲಿ ಇಡೀ ಸಂಸ್ಥೆಗೆ ನಿರ್ದೇಶಕರಾದರು.

ಇಲ್ಲಿಗೆ ಬಂದಾಗ ನಾವು ಬರವಣಿಗೆಯನ್ನು ಎರಡು ವಾರ ನಿಲ್ಲಿಸಿದ್ದೆವು. ಹೇಳಬೇಕೋ ಬೇಡವೋ ಎಂದು. ಹೇಳಿಬಿಡುತ್ತೇವೆ.

ಹಿಂದೆ ನಾವಿದ್ದ ಕಚೇರಿಯೊಂದರಲ್ಲಿ ನಮ್ಮ ಕಡೆಯವರೇ ಒಬ್ಬರಿದ್ದರು. ಕೈಬರಹ ಮುತ್ತಿನಂತಿತ್ತು. ಕುಡಿಯುತ್ತಿದ್ದರು. ನಮ್ಮದು ಬೇರೆ ವಿಭಾಗ, ಆದರೆ ಒಂದೇ ಕಟ್ಟಡ. ಮೊದಮೊದಲು ಐವತ್ತು ನೂರು ಕೇಳಿದಾಗ ಕೊಟ್ಟೆವು. ಆಮೇಲೆ ಕ್ಯಾಂಟೀನಿನಲ್ಲಿ ಅವರು ಕಂಡರೆ ಇನ್ನೊಂದು ಬಾಗಿಲಿನಿಂದ ಹೊರಟುಬಿಡುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯ ಕೆಲಸಕ್ಕಾಗಿ ಅವರ ಕಡತ ನಮ್ಮ ಮೇಜಿಗೆ ಬಂದಿತು. ನಡತೆ ನಿಯಮಗಳ 22ನೆಯ ನಿಯಮವನ್ನು ಉದ್ಧರಿಸಿದ ಮೆಮೊಗಳು, ಗೈರುಹಾಜರಿಯನ್ನು 'ಡೈಸ್ ನಾನ್' ಎಂದು ಪರಿಗಣಿಸಿದ ಆದೇಶಗಳು, ವಿವರಣೆ ಕೇಳಿದ ನೋಟೀಸುಗಳು. ಮೆಮೊ ಒಂದೂ ತಪ್ಪಿರಲಿಲ್ಲ, ಎಲ್ಲವೂ ನಿಯಮದ ಪ್ರಕಾರವೇ. ಅವುಗಳ ನಡುವೆ ಹಾಳೆಯ ಎರಡೂ ಮಗ್ಗುಲಿಗೆ ಬರೆದ ಒಂದು ಕನ್ನಡ ಕಾಗದ ಟ್ಯಾಗಿಗೆ ಸಿಕ್ಕಿಸಿತ್ತು. ಅವರ ಹೆಂಡತಿ ಬರೆದದ್ದು. ಅಂಚಿನಲ್ಲಿ ಯಾರೋ ಇಂಗ್ಲಿಷಿನಲ್ಲಿ, "ಪ್ರಾದೇಶಿಕ ಭಾಷೆಯ ಪತ್ರ, ಕಡತದಲ್ಲಿಡಬಹುದು" ಎಂದು ಟಿಪ್ಪಣಿ ಹಾಕಿ ಸಹಿ ಮಾಡಿದ್ದರು. ಕಾಗದದ ತಾರೀಖು ಅವರು ತೀರಿಕೊಳ್ಳುವುದಕ್ಕೆ ಮೂರು ವರ್ಷ ಹಿಂದಿನದು.

ಸಂಬಳ ತಡೆಯಬೇಡಿ ಎಂದು ಆಕೆ ಬರೆದಿರಲಿಲ್ಲ. ತಾಯಿ ಸತ್ತಾಗ ರಜೆ ಸಿಗದೆ ಊರಿಗೆ ಹೋಗಲಾಗಲಿಲ್ಲ, ಅಂದಿನಿಂದ ಇವರು ರಾತ್ರಿ ಮಲಗುವುದಿಲ್ಲ, ಮಲಗುವುದಕ್ಕೆಂದು ಕುಡಿಯುತ್ತಾರೆ, ನಿಮ್ಮ ಆಫೀಸಿನ ದೊಡ್ಡವರು ಯಾರಾದರೂ ಒಂದು ಸಲ ಕರೆದು ಕೂರಿಸಿಕೊಂಡು ಮಾತಾಡಿದರೆ ಕೇಳುತ್ತಾರೆ ಎಂದಿತ್ತು.

ಆ ಕಟ್ಟಡದಲ್ಲಿ ಕನ್ನಡ ಓದಬಲ್ಲವರು ನಾವಿದ್ದೆವು. ಎರಡು ಮಹಡಿ ಕೆಳಗೆ. ಕೇಳಿದ್ದರೆ ಓದಿ ಹೇಳುತ್ತಿದ್ದೆವು. ಆದರೆ ಓದಿ ಹೇಳಿದ ಮೇಲೆ ಅವರ ಎದುರಿಗೆ ಕುಳಿತು ಏನು ಮಾತಾಡಬೇಕೆಂಬುದು ನಮಗೂ ಗೊತ್ತಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಈಥೈಲ್ ಆಲ್ಕೊಹಾಲಿನ ಸೂತ್ರ ಬಾಯಿಪಾಠ ಮಾಡಿದ್ದೆವು. ಎಪ್ಪತ್ತೆಂಟು ಡಿಗ್ರಿಗೆ ಕುದಿಯುತ್ತದೆಂದೂ ಗೊತ್ತಿತ್ತು.

ಹೀಗಾಗಿ ಬಳ್ಳಾರಿಯ ಕಥೆ ಓದಿದಾಗ ನಮಗೆ ಮನಸ್ಸು ತುಂಬಿ ಬಂದಿತು. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಸುಮಾರು ಹದಿನೈದು ಲಕ್ಷ ಜನರ ಜಿಲ್ಲೆ. ಅಷ್ಟು ಜನಕ್ಕೆ ಎಂ.ಫಿಲ್. ಆದವರನ್ನು ಎಲ್ಲಿಂದ ತರುವುದು? ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಿ ನಡೆದುಕೊಳ್ಳುವ ತರಬೇತಿಯನ್ನೇ ಕೊಟ್ಟರು. ಇದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದೇಶಕ್ಕೆ ಕಲಿಸಿದ್ದು ಬಳ್ಳಾರಿ ಎಂಬುದು ಬಳ್ಳಾರಿಯವರಿಗೇ ಎಷ್ಟು ಜನಕ್ಕೆ ಗೊತ್ತಿದೆಯೋ. ಅದೇ ಸಂಸ್ಥೆಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದು ಈ ಜ್ಞಾನವನ್ನು ಹಳ್ಳಿಯ ಓದುಗನ ತನಕ ಮುಟ್ಟಿಸಿದರು. ಅವರಿಗೂ ಮೊದಲು 'ಕೊರವಂಜಿ'ಯ ರಾ.ಶಿ., ಅಂದರೆ ಡಾ. ಎಂ. ಶಿವರಾಂ ಅವರು, ಮನೋರೋಗಗಳ ಮೇಲೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ನಗಿಸಿದವರೇ ಮನಸ್ಸಿನ ನೋವನ್ನೂ ಬರೆದರು.

ಇನ್ನು ನಮ್ಮ ಸದಸ್ಯರ ಪ್ರಶ್ನೆಗೆ ಉತ್ತರ. ಹುದ್ದೆ ಇದೆ. 1992ರ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ನೋಂದಣಿ ಮಾಡಿಸಿಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಲ್ಲಿ ಮನೋರೋಗದ ವ್ಯಾಖ್ಯೆಯೊಳಗೇ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಸೇರಿಸಿದ್ದಾರೆ. ಗೋಡೆಯ ಆಚೆಯವನೂ ಪೊಲೀಸರ ಕೈಯಲ್ಲಿದ್ದವನೂ ಒಂದೇ ವಾಕ್ಯದೊಳಗೆ ಬಂದದ್ದು ಹೀಗೆ. 2021ರ ಆರೋಗ್ಯ ವೃತ್ತಿಗಳ ಕಾಯಿದೆಯ ಅನುಸೂಚಿಯಲ್ಲಿ ಸಲಹೆಗಾರರ, ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹೆಸರುಗಳು ಅಚ್ಚಾಗಿವೆ. 2022ರಲ್ಲಿ ಯು.ಜಿ.ಸಿ. ದೇಶದಲ್ಲೆಲ್ಲ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು, ಆಮೇಲೆ ಕ್ಲಿನಿಕಲ್ ಮನಶ್ಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಇವೆರಡಕ್ಕೆ ಮಾತ್ರ 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಎಲ್ಲ ಎಂ.ಫಿಲ್‌ಗಳನ್ನೂ ಒಂದೇ ಏಟಿಗೆ ನಿಲ್ಲಿಸಿದವರು ಇವೆರಡರ ಮುಂದೆ ಕೈ ತಡೆದರು ಎಂಬುದೇ ಇವುಗಳ ಅಗತ್ಯಕ್ಕೆ ಸಾಕ್ಷಿ. ಅಗತ್ಯ ಎಷ್ಟಿದೆಯೆಂದರೆ, ನಿಮ್ಹಾನ್ಸ್‌ನವರು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ಮದ್ಯದ ತೊಂದರೆಯುಳ್ಳವರಲ್ಲಿ ಶೇಕಡಾ 86 ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. 14416ಕ್ಕೆ ಫೋನು ಮಾಡಿದರೆ ಕಾಸಿಲ್ಲದೆ ಮಾತನಾಡಬಹುದು, ಕನ್ನಡದಲ್ಲಿಯೂ. ಈ ನಂಬರನ್ನು ನಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೇವೆ.

ಸಂಬಳ ದೊಡ್ಡದಲ್ಲ, ಅನೇಕ ಕಡೆ ಗುತ್ತಿಗೆಯ ನೇಮಕ, ಇದನ್ನೂ ಮುಚ್ಚಿಡದೆ ಹೇಳಿದೆವು. ಗಂಡಿನ ಕಡೆಯವರಿಗೆ ಏನು ಹೇಳೋಣ ಎಂಬ ಎರಡನೆಯ ಪ್ರಶ್ನೆಗೆ, ಅವರ ಮನೆಯಲ್ಲಿ ಯಾರಾದರೂ ಕುಡಿಯುವವರಿದ್ದಾರೆಯೇ ಎಂದು ನೀವೇ ಮೊದಲು ಕೇಳಿಬಿಡಿ ಎಂದೆವು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಸೋದರಮಾವನೊಬ್ಬರ ಹೆಸರು ಹೇಳಿದರು. ಅವರ ವಿಷಯ ಸಂಘದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಿರಲಿಲ್ಲ, ಅಷ್ಟೇ.

ಕಳೆದ ಭಾನುವಾರ ಆ ಹುಡುಗಿ ಅರ್ಜಿಯ ಪ್ರತಿಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. "ಅಂಕಲ್, ಅಪ್ಪ ನಿಮ್ಮ ಹತ್ತಿರ ಅಟೆಸ್ಟ್ ಮಾಡಿಸಿಕೊಂಡು ಬಾ ಅಂದರು" ಎಂದಳು. ನಾವು ಗೆಜೆಟೆಡ್ ಅಲ್ಲ, ಈಗ ಅದರ ಕಟ್ಟುಪಾಡೂ ಇಲ್ಲ, ನೀನೇ ಸಹಿ ಹಾಕಿದರೆ ಆಯಿತು ಎಂದೆವು. ಊಟದ ಮೇಜಿನ ಮೇಲೆಯೇ ಕುಳಿತು ಅಷ್ಟೂ ಪ್ರತಿಗಳಿಗೆ ಸಹಿ ಹಾಕಿದಳು.